ಬೆಳಕಿಗೊಂದು ಬೀಗ

ಟಿವಿ ಹಾಕಲು ರಿಮೋಟನ್ನು ಟಿವಿಯತ್ತಲೇ ಹಿಡಿಯಬೇಕೆಂದೇನಿಲ್ಲ. ಅದಕ್ಕೆ ಬೆನ್ನು ಮಾಡಿ ಕುಳಿತು, ಎದುರಿನ ಬಿಳಿ ಗೋಡೆಗೆ ಗುರಿಯಿಟ್ಟು ಗುಂಡಿ ಒತ್ತಿ ನೋಡಿ. ಸೆಲ್ಲು ತೀರಾ ಸೋತಿರದಿದ್ದರೆ ಬೆನ್ನ ಹಿಂದೆ ಟಿವಿ ಮಾತಾಡತೊಡಗುತ್ತದೆ. ಮನೆಯ ಮಕ್ಕಳಿಗೆ ಈ ಆಟ ಎಂದೋ ಗೊತ್ತು. ದೊಡ್ಡವರು ಮಾತ್ರ ತೋಳು ಚಾಚಿ, ಬಂದೂಕು ಹಿಡಿದವರಂತೆ ಗುರಿ ನೋಡುತ್ತಾರೆ. ರಿಮೋಟಿನ ಮೂತಿಯಲ್ಲಿರುವ ಪುಟ್ಟ ಎಲ್‌ಇಡಿಯಿಂದ ಹೊರಟ ಅವಕೆಂಪು ಬೆಳಕು ಗೋಡೆಗೆ ಬಡಿದು ಚೆದುರುತ್ತದೆ. ಕಪಾಟಿನ ಗಾಜು, ಕ್ಯಾಲೆಂಡರು, ಟ್ಯೂಬ್‌ಲೈಟಿನ ಬಳಿ ಹೊಂಚು ಹಾಕಿದ ಹಲ್ಲಿ, ಎಲ್ಲದಕ್ಕೂ ಅದು ತಾಗುತ್ತದೆ. ಅದರಲ್ಲಿ ಒಂದು ಚೂರು ಟಿವಿಯ ಕಣ್ಣಿಗೂ ಬೀಳುತ್ತದೆ, ಅಷ್ಟೇ. ನಮ್ಮ ಕಣ್ಣಿಗೆ ಆ ಬೆಳಕು ಕಾಣದಿದ್ದರೂ ಅನೇಕ ಮೊಬೈಲ್ ಕ್ಯಾಮೆರಾಗಳಿಗೆ ಕಾಣುತ್ತದೆ: ರಿಮೋಟಿನ ಮೂತಿಯನ್ನು ಕ್ಯಾಮೆರಾದ ಎದುರು ಹಿಡಿದು ಒತ್ತಿದರೆ ನೇರಳೆ ಮಿಣುಕೊಂದು ಪಟಪಟನೆ ಬಡಿದುಕೊಳ್ಳುತ್ತದೆ.

ಆ ಮಿಣುಕಿನಲ್ಲಿ ಕದಿಯುವಂಥದ್ದೇನಿದೆ? ನಾನು ಯಾವ ಧಾರಾವಾಹಿ ಬಿಟ್ಟು ಯಾವುದಕ್ಕೆ ಹಾರಿದೆ ಎಂದು ಪಕ್ಕದ ಮನೆಯವರಿಗೆ ತಿಳಿದರೆ ನಷ್ಟವಿಲ್ಲ. ಆದರೆ ಇದೇ ಬಗೆಯ ಮಿಣುಕಿನಲ್ಲಿ ಬ್ಯಾಂಕಿನ ಪಾಸ್‌ವರ್ಡು, ಆಸ್ಪತ್ರೆಯ ಸ್ಕ್ಯಾನು, ಸೇನೆಯ ನಕ್ಷೆ ಹೋಗತೊಡಗಿದರೆ? ಆ ಕಾಲ ಬಂದಾಗಿದೆ. 2011ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಹೆರಾಲ್ಡ್ ಹಾಸ್ ಟೆಡ್ ವೇದಿಕೆಯ ಮೇಲೆ ಒಂದು ಸಾಮಾನ್ಯ ಮೇಜುದೀಪವನ್ನಿಟ್ಟು, ಅದರೊಳಗಿನ ಎಲ್‌ಇಡಿ ಬಲ್ಬಿನ ಬೆಳಕಿನಿಂದಲೇ ಒಂದು ವೀಡಿಯೊ ಓಡಿಸಿದರು. ದೀಪದ ಕೆಳಗೆ ಕೈ ಅಡ್ಡ ಹಿಡಿದರೆ ಚಿತ್ರ ನಿಲ್ಲುತ್ತಿತ್ತು, ಕೈ ತೆಗೆದರೆ ಓಡುತ್ತಿತ್ತು. ಅಂದು ಅವರು ಇಟ್ಟ ಹೆಸರು ಲೈ-ಫೈ.

ಹಳೆಯ ತಂತಿಬಲ್ಬಿನಿಂದ ಈ ಕೆಲಸ ಆಗುತ್ತಿರಲಿಲ್ಲ. ಸ್ವಿಚ್ಚು ಆರಿಸಿದ ಮೇಲೂ ಅದರ ತಂತಿ ಕ್ಷಣಕಾಲ ಕೆಂಪಗೆ ಉಳಿಯುತ್ತದೆ, ಕಾದದ್ದು ತಣಿಯಬೇಕಲ್ಲ. ಎಲ್‌ಇಡಿಗೆ ಆ ಜಡತನವಿಲ್ಲ. ಕರೆಂಟು ಏರಿದ ಕೂಡಲೇ ಬೆಳಕು ಏರುತ್ತದೆ, ಇಳಿದ ಕೂಡಲೇ ಇಳಿಯುತ್ತದೆ. ಆದರೂ ಬಿಳಿ ಎಲ್‌ಇಡಿಯೊಳಗೆ ಒಬ್ಬ ಸೋಮಾರಿ ಇದ್ದಾನೆ. ಬಿಳಿ ಎಂದು ನಾವು ನೋಡುವುದು ನೀಲಿ ಚಿಪ್ಪಿನ ಬೆಳಕು ಮತ್ತು ಅದರ ಮೇಲೆ ಬಳಿದ ಹಳದಿ ಲೇಪದ ಹೊಳಪು ಬೆರೆತ ಬಣ್ಣ. ನೀಲಿ ಚುರುಕು, ಹಳದಿ ನಿಧಾನ. ಆದ್ದರಿಂದ ವೇಗವಾಗಿ ಓದಬೇಕೆನ್ನುವ ಗ್ರಾಹಕಗಳು ಮುಂದೊಂದು ನೀಲಿ ಸೋಸುಗಾಜು ಇಟ್ಟುಕೊಂಡು ಹಳದಿಯನ್ನು ಹೊರಗೇ ನಿಲ್ಲಿಸುತ್ತವೆ. ಅಕಸಾಕಿ, ಅಮಾನೊ, ನಕಮುರ ಈ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ತಂದುಕೊಟ್ಟದ್ದು ಆ ನೀಲಿಯೇ. ಮನೆಯ ಕರೆಂಟು ಬಿಲ್ಲು ಇಳಿಸಿದ ಬಲ್ಬು ಮಾತನ್ನೂ ಕಲಿಯಬಲ್ಲದು ಎಂಬುದು ಆಮೇಲೆ ಕೈಗೆ ಬಂದ ಲಾಭ.

ವೇಗದ ಅಂಕಿಗಳನ್ನು ಕೇಳಿದರೆ ನನಗೆ ಅಷ್ಟಾಗಿ ಬೆರಗಾಗುವುದಿಲ್ಲ. ಮೊಬೈಲ್ ಜಾಹೀರಾತುಗಳು ನಮ್ಮನ್ನು ಹಾಗೆ ಪಳಗಿಸಿಬಿಟ್ಟಿವೆ. ಅದೇ ವೇಗವನ್ನು ಅಡಿಗಳಲ್ಲಿ ಅಳೆದರೆ ಮಾತ್ರ ತಲೆ ತಿರುಗುತ್ತದೆ. ಸೆಕೆಂಡಿಗೆ ನೂರು ಕೋಟಿ ಬಿಟ್ ಕಳಿಸುವ ದೀಪವೊಂದಿದೆ ಎನ್ನಿ. ಒಂದು ಬಿಟ್ ಹೊರಡುವ ಅವಧಿಯಲ್ಲಿ ಬೆಳಕು ಸಾಗುವ ದೂರ 30 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಅಡಿ. ಅಂದರೆ ಗಾಳಿಯಲ್ಲಿ ಒಂದೊಂದು ಬಿಟ್ಟೂ ಒಂದೊಂದು ಅಡಿ ಉದ್ದ. ಛಾವಣಿಯ ದೀಪದಿಂದ ಮೇಜಿಗೆ ಏಳು ಅಡಿ ಇದ್ದರೆ, ಯಾವ ಗಳಿಗೆಯಲ್ಲಿ ನೋಡಿದರೂ ನಡುವೆ ಏಳೇ ಬಿಟ್‌ಗಳು ಇಳಿಯುತ್ತಿರುತ್ತವೆ. ಕಂಪ್ಯೂಟರು ಸಾಮಾನ್ಯವಾಗಿ ಬಳಸುವ ಯುನಿಕೋಡ್ ಬರವಣಿಗೆಯಲ್ಲಿ ಕನ್ನಡದ ‘ಅ’ ಎಂಬ ಒಂದೇ ಅಕ್ಷರಕ್ಕೆ 24 ಬಿಟ್ ಬೇಕು. ಉಳಿದ ಕಟ್ಟುಪಾಡುಗಳನ್ನೆಲ್ಲ ಬದಿಗಿಟ್ಟು ಲೆಕ್ಕ ಹಾಕಿದರೂ ಅದು 24 ಅಡಿ ಉದ್ದದ ಅಕ್ಷರ. ನಮ್ಮ ಕೋಣೆಗಳಲ್ಲಿ ಅದು ಹಿಡಿಸುವುದೇ ಇಲ್ಲ; ತಲೆ ಮೇಜಿಗೆ ತಾಗಿ ಓದಿಸಿಕೊಂಡು ಮುಗಿದಿರುತ್ತದೆ, ಬಾಲ ಇನ್ನೂ ಬಲ್ಬಿನೊಳಗೇ ಇರುತ್ತದೆ. ‘ಅಕ್ಕ’ ಎಂದು ಕಳಿಸಿದರೆ ಒತ್ತಕ್ಷರದ ಕೊಂಡಿಯೂ ಸೇರಿ 96 ಅಡಿ. ಅಕ್ಕನನ್ನು ಕರೆದ ದನಿ ಅಷ್ಟುದ್ದ ಚಾಚಿಕೊಂಡು ತಲೆಯ ಮೇಲಿಂದ ಇಳಿಯುತ್ತಿದ್ದರೂ, ಅದೇ ದೀಪದಡಿ ಪೇಪರು ಓದುತ್ತಿರುವವರಿಗೆ ರೆಪ್ಪೆ ಬಡಿಯುವಷ್ಟೂ ವ್ಯತ್ಯಾಸ ತಿಳಿಯದು. ಸೆಕೆಂಡಿಗೆ ನೂರರ ಆಚೆಗಿನ ಮಿನುಗು ನಮ್ಮ ಕಣ್ಣಿಗೆ ಸಾಮಾನ್ಯವಾಗಿ ಸ್ಥಿರ ಬೆಳಕೇ.

ಇನ್ನೊಂದು ಲೆಕ್ಕವೂ ಇದೆ. ಕಾವಲಿನ ಕಷ್ಟವೆಲ್ಲ ಹುಟ್ಟುವುದು ಅದರಿಂದಲೇ. ಒಂದು ವ್ಯಾಟ್ ಬೆಳಕಿನಿಂದ ಸೆಕೆಂಡಿಗೆ ಹೊರಡುವ ಬೆಳಕಿನ ಕಣಗಳನ್ನು ನೂರು ಕೋಟಿ ಬಿಟ್‌ಗಳಿಗೆ ಹಂಚಿದರೆ, ಒಂದೊಂದು ಬಿಟ್ಟಿಗೆ ಸುಮಾರು ಮುನ್ನೂರು ಕೋಟಿ ಫೋಟಾನುಗಳು ಸಿಗುತ್ತವೆ. ಎರಡು ಮೀಟರ್ ಕೆಳಗಿರುವ, ಉಗುರಿನಷ್ಟಗಲದ ಗ್ರಾಹಕದ ಮೇಲೆ ಬೀಳುವುದು ಅದರಲ್ಲಿ ಲಕ್ಷಕ್ಕೊಂದು ಪಾಲಿನ ಆಸುಪಾಸು. ಓದಲು ಅಷ್ಟು ಧಾರಾಳ ಸಾಕು. ಮಿಕ್ಕವೆಲ್ಲ ಎಲ್ಲಿ ಹೋದವು? ನೆಲಕ್ಕೆ, ಅಂಗಿಗೆ, ಚಹಾದ ಲೋಟಕ್ಕೆ, ಕಿಟಕಿಯಾಚೆಗೆ. ಒಂದು ಗುಟ್ಟನ್ನು ಒಬ್ಬರಿಗೆ ಹೇಳಲು ಬೆಳಕು ಅದರ ಲಕ್ಷ ಪ್ರತಿ ಮಾಡಿ ಕೋಣೆಗೆಲ್ಲ ಎರಚುತ್ತದೆ. ಇಂಥ ದುಂದುಗಾರನ ಕೈಗೆ ಗುಟ್ಟು ಕೊಟ್ಟು ಕಾಪಾಡು ಎನ್ನುವುದರಲ್ಲಿ ಎಂಥ ವಿಚಿತ್ರವಿದೆ ನೋಡಿ.

ಆದರೂ ಲೈ-ಫೈ ಮಾರುವವರು ಮುಂದಿಡುವ ಮೊದಲ ಮಾತೇ ಸುರಕ್ಷತೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಮೊಬೈಲ್ ತೆರೆದರೆ ಮೇಲಿನವರ, ಕೆಳಗಿನವರ, ಎದುರು ಬ್ಲಾಕಿನವರ ವೈ-ಫೈ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ರೇಡಿಯೊ ಅಲೆಗೆ ಇಟ್ಟಿಗೆ ಗೋಡೆ ದೊಡ್ಡ ಅಡ್ಡಿಯಲ್ಲ. ಬೆಳಕಿಗೆ ಅದು ಅಡ್ಡಿ. ಗೋಡೆಗೂ ಕಿವಿಯಿದೆ ಎಂದು ಪಿಸುಮಾತಾಡಲು ಕಲಿತವರು ನಾವು. ಇಲ್ಲಿ ಆ ಗೋಡೆಯೇ ಕಾವಲಿಗೆ ನಿಂತಿದೆ. ಕದ್ದು ಕೇಳಬೇಕೆಂದರೆ ಕಳ್ಳ ಒಳಗೇ ಬರಬೇಕು, ಬಂದರೆ ಕಾಣುತ್ತಾನೆ. ಕಾರು ನಿಲ್ಲಿಸಿಕೊಂಡು ಬೀದಿಯಲ್ಲೇ ಕೂತು ಕದಿಯುವ ಸುಖ ಅವನಿಗಿಲ್ಲ. ಇಷ್ಟು ವರ್ಷ ಪಾಸ್‌ವರ್ಡು, ಒಟಿಪಿ ಎಂದು ಒದ್ದಾಡಿದ ಮೇಲೆ ಸುರಕ್ಷತೆ ಮತ್ತೆ ಗೋಡೆ, ಬಾಗಿಲು, ಪರದೆಗಳ ಮಾತಾಯಿತಲ್ಲ ಎಂದು ಮನಸ್ಸಿಗೊಂದು ಹಳೆಯ ಕಾಲದ ನೆಮ್ಮದಿ.

ಈ ನೆಮ್ಮದಿಯನ್ನು ಕದಡುವ ಕಥೆಗೆ 140 ವರ್ಷ ದಾಟಿದೆ. ಟೆಲಿಫೋನಿನ ಗ್ರಹಾಂ ಬೆಲ್ 1880ರಲ್ಲಿ ತನ್ನ ಜತೆಗಾರ ಚಾರ್ಲ್ಸ್ ಸಮ್ನರ್ ಟೇಂಟರ್ ಜತೆ ಸೇರಿ ಫೋಟೋಫೋನ್ ಎಂಬ ಯಂತ್ರ ಮಾಡಿದ. ವಾಷಿಂಗ್ಟನ್ನಿನ ಫ್ರಾಂಕ್ಲಿನ್ ಶಾಲೆಯ ಮಾಳಿಗೆಯ ಮೇಲೆ ಟೇಂಟರ್; 213 ಮೀಟರ್ ಆಚೆ ತನ್ನ ಪ್ರಯೋಗಶಾಲೆಯಲ್ಲಿ ಬೆಲ್. ನಡುವೆ ತಂತಿಯಿಲ್ಲ. ಟೇಂಟರ್ ಒಂದು ತೆಳು ಕನ್ನಡಿಯ ಬೆನ್ನಿಗೆ ಮಾತಾಡಿದ. ಉಸಿರಿನ ಒತ್ತಡಕ್ಕೆ ಕನ್ನಡಿ ಕೂದಲೆಳೆಯಷ್ಟು ಉಬ್ಬಿತು, ತಗ್ಗಿತು. ಅದರ ಮೇಲೆ ಬಿದ್ದ ಬಿಸಿಲು ಅಷ್ಟಷ್ಟೇ ಚದುರಿತು, ಕೂಡಿತು. ಆ ಏರಿಳಿತ ಹೊತ್ತ ಬಿಸಿಲು ಬೆಲ್‌ನ ಬಳಿಯಿದ್ದ ಸೆಲೆನಿಯಂ ತುಣುಕಿಗೆ ಬಿದ್ದಾಗ ಅದರ ವಿದ್ಯುತ್ ತಡೆ ಬದಲಾಗಿ, ಕಿವಿಗೊತ್ತಿದ ಟೆಲಿಫೋನಿನಲ್ಲಿ ಟೇಂಟರನ ದನಿ ಬಂತು: ಕೇಳಿಸುತ್ತಿದ್ದರೆ ಕಿಟಕಿಗೆ ಬಂದು ಹ್ಯಾಟು ಬೀಸಿ ಎಂದು. ಬೆಲ್ ಬೀಸಿದ. ಈ ಯಂತ್ರದ ಹುರುಪಿನಲ್ಲಿ ಅವನು ಆ ವರ್ಷ ಹುಟ್ಟಿದ ಎರಡನೆಯ ಮಗಳಿಗೆ ಫೋಟೋಫೋನ್ ಎಂದೇ ಹೆಸರಿಡಲು ಹೊರಟಿದ್ದನಂತೆ. ಪುಣ್ಯಕ್ಕೆ ತಾಯಿ ಮೇಬಲ್ ಒಪ್ಪಲಿಲ್ಲ. ಹುಡುಗಿ ಮೇರಿಯನ್ ಎಂಬ ಹೆಸರಿನಲ್ಲಿ ಬೆಳೆದಳು. ಮೋಡ ಕವಿದರೆ ಮೌನವಾಗುವ ಯಂತ್ರ ಬಳಕೆಗೆ ಬರಲಿಲ್ಲ. ಆದರೂ ಟೆಲಿಫೋನಿಗಿಂತ ಇದೇ ತನ್ನ ದೊಡ್ಡ ಶೋಧ ಎಂದು ಬೆಲ್ ನಂಬಿದ್ದ.

ಬೆಲ್ ಆ ಕನ್ನಡಿಯನ್ನು ಬೇಕೆಂದೇ ನಡುಗುವಂತೆ ಮಾಡಿದ. ಬೇಡವೆಂದರೂ ನಡುಗುವ ವಸ್ತುಗಳು ಮನೆತುಂಬ ಇವೆ ಎಂಬುದು ಈಚೆಗೆ ಗೊತ್ತಾಯಿತು. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಕೋಣೆಯೊಂದರಲ್ಲಿ ತೂಗುಬಿಟ್ಟ ಬಲ್ಬನ್ನು 25 ಮೀಟರ್ ದೂರದಿಂದ ದೂರದರ್ಶಕ ಮತ್ತು ಬೆಳಕಿನ ಸಂವೇದಕ ಹಿಡಿದು ನೋಡಿದರು. ಒಳಗಿನ ಮಾತು, ಹಾಡಿಗೆ ಬಲ್ಬು ಕಣ್ಣಿಗೆ ಕಾಣದಷ್ಟು ಅದುರುತ್ತಿತ್ತು. ಅದುರಿದಂತೆ ಬೆಳಕೂ ಅಷ್ಟಷ್ಟೇ ಬದಲಾಗುತ್ತಿತ್ತು. ಆ ಬದಲಾವಣೆಯಿಂದ ಅವರು ಮಾತನ್ನೂ ಹಾಡನ್ನೂ ಮರಳಿ ಕಟ್ಟಿದರು. ಅದರ ಹಿಂದಿನ ವರ್ಷ ಜಪಾನ್ ಮತ್ತು ಅಮೆರಿಕದ ಸಂಶೋಧಕರು ಬೆಲ್‌ನ ದಾರಿಯಲ್ಲೇ ಇನ್ನಷ್ಟು ಮುಂದೆ ಹೋಗಿ, ಹೇಳಿದ ಮಾತು ಕೇಳುವ ಮನೆಯ ಸ್ಪೀಕರುಗಳ ಮೈಕಿಗೆ ಲೇಸರ್ ಬೆಳಕಿನಿಂದಲೇ ಆಜ್ಞೆ ಕೊಟ್ಟಿದ್ದರು, 110 ಮೀಟರ್ ದೂರದಿಂದ. ಮೈಕು ಬೆಳಕನ್ನೇ ದನಿಯೆಂದು ನಂಬಿತು. ಒಂದು ಸದ್ದೂ ಆಗದೆ ಮನೆಯ ಯಂತ್ರಗಳು ಹೇಳಿದಂತೆ ಕೇಳಿದವು.

ಇವೆರಡೂ ಲೈ-ಫೈ ಅಲ್ಲ ನಿಜ. ಆದರೆ ಬೆಳಕಿನ ಸ್ವಭಾವ ಒಂದೇ, ಹಾಗಾಗಿ ಲೈ-ಫೈಗೂ ಅದು ಅಂಟಿದೆ. 2002ರಲ್ಲಿ ಕೇಂಬ್ರಿಜ್‌ನ ಮಾರ್ಕಸ್ ಕೂನ್ ತೋರಿಸಿದ್ದು ನನಗೆ ಇಂದಿಗೂ ಮಾಯಾಜಾಲದಂತೆಯೇ ಕಾಣುತ್ತದೆ. ಹಳೆಯ ಡಬ್ಬಿ ಮಾನಿಟರು ಪರದೆಯ ಚಿತ್ರವನ್ನು ಒಮ್ಮೆಗೇ ತೋರಿಸುತ್ತಿರಲಿಲ್ಲ. ಒಂದೊಂದೇ ಚುಕ್ಕೆಯನ್ನು ಸಾಲುಸಾಲಾಗಿ ಬೆಳಗುತ್ತ ಹೋಗುತ್ತಿತ್ತು. ಹಾಗಾದರೆ ಅದರೆದುರಿನ ಗೋಡೆಯ ಮೇಲೆ ಬೀಳುವ ಮಸುಕು ಬೆಳಕಿನಲ್ಲಿ, ಗಳಿಗೆ ಗಳಿಗೆಗೆ, ಯಾವ ಚುಕ್ಕೆ ಬೆಳಗಿತು ಯಾವುದು ಇಲ್ಲ ಎಂಬ ವರದಿ ಸಾಲಾಗಿ ಬರುತ್ತಿರಬೇಕಲ್ಲವೇ? ಬರುತ್ತಿತ್ತು. ಪರದೆಯನ್ನು ನೋಡದೆ, ಗೋಡೆಯ ಮಬ್ಬನ್ನು ಮಾತ್ರ ಅಳೆದು, ಕೂನ್ ಪರದೆಯ ಬರಹ ಓದಿದ. ರಾತ್ರಿ ಹೊತ್ತು ಬೀದಿಯಿಂದ ಕಾಣುತ್ತಿದ್ದ ನೀಲಿಬಣ್ಣದ ಆ ಕಿಟಕಿಗಳ ಬಗ್ಗೆ ಯಾರಿಗಾದರೂ ಅನುಮಾನ ಬಂದಿತ್ತೇ? ಅದೇ ವರ್ಷ ಅಮೆರಿಕದ ಇಬ್ಬರು ಸಂಶೋಧಕರು, ಕೆಲವು ಮೋಡೆಮ್‌ಗಳ ಮೇಲೆ ಸುಮ್ಮನೆ ಮಿನುಗುವ ಸೂಚಕ ದೀಪ ಒಳಗೆ ಹರಿಯುವ ಡೇಟಾವನ್ನೇ ಹೊರಗೆ ಹೇಳುತ್ತಿದೆ ಎಂದು ತೋರಿಸಿದರು.

ಆಮೇಲೆ ಲೈ-ಫೈಯ ಗೋಡೆಯನ್ನೇ ಪರೀಕ್ಷೆಗೆ ಇಟ್ಟರು. 2015ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಮತ್ತು ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಮುಚ್ಚಿದ ಬಾಗಿಲಿನ ಹೊರಗೆ ಗ್ರಾಹಕ ಇಟ್ಟುಕೊಂಡು ಕೂತರು. ಕೆಳಗೆ ಬೆರಳು ತೂರುವಷ್ಟು ಸಂದು ಹೆಚ್ಚಿನ ಬಾಗಿಲುಗಳಿಗೆ ಇರುತ್ತದೆ. ನೆಲ ನುಣುಪಾಗಿದ್ದರೆ ಬೆಳಕು ಅದರ ಮೇಲೆ ಜಾರಿಕೊಂಡು ಹೊರಬರುತ್ತದೆ. ಬೀಗದ ಕಿಂಡಿ, ಅರೆಬರೆ ಎಳೆದ ಪರದೆ, ಇವುಗಳಿಂದಲೂ ಡೇಟಾ ಸೋರಿತು. ಗ್ರಾನೈಟು, ವಿಟ್ರಿಫೈಡ್ ಟೈಲ್ಸನ್ನು ಕನ್ನಡಿಯ ಹಾಗೆ ಉಜ್ಜಿಸುವ ನಮ್ಮ ಆಫೀಸುಗಳು ಇದನ್ನು ಕೇಳಿಸಿಕೊಳ್ಳಬೇಕು. ಅಂಥ ಕೋಣೆಯನ್ನು ತಪಾಸಣೆ ಮಾಡುವವನು ಸೂಟುಬೂಟು ಹಾಕಿದ್ದರೂ ಒಮ್ಮೆ ಹೊಸ್ತಿಲ ಬಳಿ ಬೋರಲು ಮಲಗಲೇಬೇಕು.

2020ರ ಇನ್ನೊಂದು ಪ್ರಯೋಗ ಇದಕ್ಕೂ ಮೀರಿದ್ದು. ಕಿಂಡಿಯಿಲ್ಲ, ಸಂದಿಲ್ಲ, ಗಟ್ಟಿ ಗೋಡೆ. ಬೆಳಕಿನ ಒಂದು ಕಣವೂ ಹೊರಗೆ ಬರುವಂತಿಲ್ಲ. ಆದರೂ ಸಂಶೋಧಕರು ಗೋಡೆಯಾಚೆಯಿಂದ ಸಂದೇಶ ಹಿಡಿದರು. ಎಲ್‌ಇಡಿಯನ್ನು ಅಷ್ಟು ವೇಗವಾಗಿ ಮಿನುಗಿಸಲು ಅದರ ಬೆನ್ನಿಗಿರುವ ತಂತಿಯಲ್ಲಿ ಕರೆಂಟು ಅಷ್ಟೇ ವೇಗವಾಗಿ ಏರಿಳಿಯಬೇಕು. ಹಾಗೆ ಏರಿಳಿಯುವ ಕರೆಂಟು ಹರಿದ ತಂತಿ ತಾನಾಗಿಯೇ ಸಣ್ಣದೊಂದು ರೇಡಿಯೊ ಆಂಟೆನಾ ಆಗುತ್ತದೆ. ಬೆಳಕು ಗೋಡೆಯೊಳಗೆ ನಿಷ್ಠೆಯಿಂದ ನಿಂತಿತು, ಬೆಳಕನ್ನು ಹುಟ್ಟಿಸಿದ ತಂತಿ ಹೊರಗೆ ಹೇಳಿಬಿಟ್ಟಿತು. ದೀಪದ ಬುಡದಲ್ಲೇ ಕತ್ತಲು ಎನ್ನುತ್ತೇವಲ್ಲ, ಇಲ್ಲಿ ದೀಪದ ಬುಡದಲ್ಲೇ ತೂತು.

ಇದಕ್ಕೆಲ್ಲ ಮದ್ದುಂಟೇ? ಉಂಟು. ಮೊದಲನೆಯದು ಯಾರಿಗೂ ರೋಮಾಂಚನ ತರದ ಮದ್ದು: ಸಂದೇಶವನ್ನು ಗೂಢಲಿಪಿಗೆ ತಿರುಗಿಸಿಯೇ ಕಳಿಸುವುದು. 2023ರಲ್ಲಿ ಬಂದ ಅಂತರರಾಷ್ಟ್ರೀಯ ಲೈ-ಫೈ ಮಾನಕ, 802.11ಬಿಬಿ, ವೈ-ಫೈ ಕುಟುಂಬಕ್ಕೇ ಸೇರಿದ್ದು. ಆದ್ದರಿಂದ ವೈ-ಫೈಯ ಬೀಗಗಳನ್ನೇ ಇಲ್ಲೂ ಹಾಕಬಹುದು. (ಆ ಮಾನಕ ಆರಿಸಿಕೊಂಡದ್ದು ಕಣ್ಣಿಗೆ ಕಾಣುವ ಬೆಳಕನ್ನಲ್ಲ, ಅವಕೆಂಪನ್ನು. ಇಷ್ಟೆಲ್ಲ ಸುತ್ತಿ ಕೊನೆಗೆ ರಿಮೋಟಿನ ನೆರೆಹೊರೆಗೇ ಬಂದು ನಿಂತರು.) ಸುಳ್ಳು ದೀಪವೊಂದನ್ನು ತೂಗುಹಾಕಿ ಮೋಸ ಮಾಡುವವನಿಗೆ, ಟಾರ್ಚು ಬಿಟ್ಟು ಗ್ರಾಹಕದ ಕಣ್ಣು ಕುಕ್ಕಿಸುವವನಿಗೆ ಬೇರೆ ಬೇರೆ ಉಪಾಯಗಳಿವೆ, ಅವು ಎಂಜಿನಿಯರುಗಳ ಪಾಲಿಗಿರಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ದಾರಿ. ಬೆಲ್‌ನ ಹೆಸರು ಹೊತ್ತ ಬೆಲ್ ಲ್ಯಾಬ್ಸ್‌ನಲ್ಲಿದ್ದ ಗಣಿತಜ್ಞ ಆರನ್ ವೈನರ್ 1975ರಲ್ಲಿ ಒಂದು ವಿಚಾರ ಮುಂದಿಟ್ಟ: ಕದ್ದು ಕೇಳುವವನಿಗೆ ನಮಗಿಂತ ಒಂದಿಷ್ಟು ಮಸುಕಾಗಿ ಕೇಳಿಸುತ್ತಿದ್ದರೆ ಸಾಕು, ಬೀಗದ ಕೈಯೇ ಇಲ್ಲದೆ ಗುಟ್ಟು ಕಾಯಬಹುದು; ಆ ಚೂರು ಮಸುಕನ್ನೇ ಬಂಡವಾಳ ಮಾಡಿಕೊಂಡು ಸಂದೇಶ ನೇಯಬೇಕು. ಛಾವಣಿಯ ತುಂಬ ದೀಪಗಳಿರುವ ಕೋಣೆಯಲ್ಲಿ ಈ ವಿಚಾರ ಕಣ್ಣೆದುರೇ ನಡೆಯುತ್ತದೆ. ಒಂದು ದೀಪ ಸಂದೇಶ ಹೇಳುತ್ತಿರುವಾಗ ಬೇರೆ ಎರಡು ದೀಪಗಳು ಬೇಕೆಂದೇ ಗದ್ದಲ ಎಬ್ಬಿಸುತ್ತವೆ. ಅವು ಎಂಥ ಜೋಡಿಯೆಂದರೆ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಎಷ್ಟು ಏರಬೇಕು ಎಷ್ಟು ಇಳಿಯಬೇಕು ಎಂಬುದನ್ನು ನನ್ನ ಮೇಜಿಗೆ ಸರಿಯಾಗಿ ಲೆಕ್ಕ ಹಾಕಿರುತ್ತಾರೆ. ನನ್ನ ಮೇಜಿನ ಮೇಲೆ ಎರಡೂ ಕೂಡಿ ಗದ್ದಲ ಶೂನ್ಯ. ನಾಲ್ಕು ಮೇಜಿನಾಚೆ ಕೂತು ಹೊಂಚುವವನಿಗೆ ಆ ಲೆಕ್ಕ ತಪ್ಪುತ್ತದೆ, ಗದ್ದಲವೇ ಗದ್ದಲ. ಇದಕ್ಕೊಂದು ಕಟ್ಟಳೆಯೂ ಇದೆ: ದೀಪವೊಂದು ಕತ್ತಲಿಗಿಂತ ಕತ್ತಲಾಗಲಾರದು, ತನ್ನ ಶಕ್ತಿ ಮೀರಿ ಬೆಳಗಲಾರದು, ಆ ಎರಡು ಗೆರೆಗಳ ನಡುವೆಯೇ ಆಟವೆಲ್ಲ ಮುಗಿಯಬೇಕು. ಅಷ್ಟು ಹೊತ್ತೂ ಕೋಣೆಯ ಬೆಳಕು ಒಂದೇ ಸಮ ಇರಬೇಕು, ಪೇಪರು ಓದುವವರು ತಲೆಯೆತ್ತಬಾರದು. ಕಣ್ಣಿಗೆ ಶಾಂತ ಬೆಳಕು. ಅದರೊಳಗೆ ಮಾತು, ಮಾತಿಗೆ ಕಾವಲಾಗಿ ಗಲಾಟೆ, ಗಲಾಟೆಗೆ ಪ್ರತಿಗಲಾಟೆ.

ಆದರೂ ದುಂದಿನ ಸಮಸ್ಯೆ ಬಗೆಹರಿಯಲಿಲ್ಲ. ಒಂದು ಬಿಟ್ಟಿಗೆ ಮುನ್ನೂರು ಕೋಟಿ ಕಣ ಎರಚುವವನ ರಾಶಿಯಿಂದ ಸಾವಿರ ಕಣ ಹೆಕ್ಕಿದರೆ ಅವನಿಗೆ ತಿಳಿಯುವುದಾದರೂ ಹೇಗೆ? ಹಾಗಾದರೆ ಬೆಳಕನ್ನು ಜಿಪುಣನಾಗಿಸಿದರೆ? ಒಂದು ಬಿಟ್ಟಿಗೆ ಒಂದೇ ಒಂದು ಫೋಟಾನು. ಅದನ್ನು ಕಳ್ಳ ಹಿಡಿದರೆ ನಮಗೆ ಬರುವುದಿಲ್ಲ. ಹಿಡಿದು, ನೋಡಿ, ಅದರಂಥದ್ದೇ ಇನ್ನೊಂದನ್ನು ಕಳಿಸೋಣವೆಂದರೆ, ಯಾವ ದಿಕ್ಕಿನಲ್ಲಿ ಅಳೆಯಬೇಕೆಂದು ತಿಳಿಯದೆ ಅಳೆದಾಗ ಅದರ ಮೂಲ ಸ್ಥಿತಿ ಕೆಡುತ್ತದೆ, ನಕಲು ಸರಿಹೋಗುವುದಿಲ್ಲ, ತಪ್ಪುಗಳ ಲೆಕ್ಕದಲ್ಲಿ ಕಳ್ಳನ ಹೆಜ್ಜೆ ಮೂಡುತ್ತದೆ. ನೋಡಿದರೆ ನೋಡಿದ್ದೀರಿ ಎಂದು ಹೇಳುವ ಬೆಳಕು. ಐಬಿಎಂನ ಚಾರ್ಲ್ಸ್ ಬೆನೆಟ್ ಮತ್ತು ಮಾಂಟ್ರಿಯಲ್‌ನ ಜಿಲ್ ಬ್ರಸಾರ್ ಗೂಢಲಿಪಿಯ ಕೀಲಿ ಹಂಚಲೆಂದು ಕೊಟ್ಟ ಈ ವಿಧಾನವನ್ನು ಲೋಕವೆಲ್ಲ ಇಂದು ಬಿಬಿ84 ಎಂದು ಕರೆಯುತ್ತದೆ. ಆ ಪ್ರಬಂಧ ಅಚ್ಚಾದದ್ದು 1984ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಕಂಪ್ಯೂಟರ್ ಸಮ್ಮೇಳನದ ಸಂಪುಟದಲ್ಲಿ, ನಾಲ್ಕೈದು ಪುಟಗಳಲ್ಲಿ. ಮುಂದೆ ಗೂಢಲಿಪಿ ಶಾಸ್ತ್ರದ ದಿಕ್ಕನ್ನೇ ತಿರುಗಿಸಿದ ಆ ಹಾಳೆಗಳು ಇದೇ ಊರಿನ ಹೆಸರು ಹೊತ್ತು ಹೊರಟವು.

2021ರಲ್ಲಿ ಅದೇ ಊರಿನ ಸದಾಶಿವನಗರದಲ್ಲಿ, ಸಿ.ವಿ. ರಾಮನ್ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯ ಎರಡು ಕಟ್ಟಡಗಳ ನಡುವೆ, 50 ಮೀಟರ್ ಬಯಲು ಗಾಳಿಯಲ್ಲಿ, ವಿಜ್ಞಾನಿಗಳು ಇಂಥ ಬಿಡಿ ಫೋಟಾನುಗಳಿಂದ ಗೂಢಲಿಪಿಯ ಕೀಲಿ ಹಂಚಿ ತೋರಿಸಿದರು. ಮುಂದೆ ಉಪಗ್ರಹದವರೆಗೆ ಒಯ್ಯುವ ಇಸ್ರೋ ಜತೆಗಿನ ಯೋಜನೆಯ ಮೆಟ್ಟಿಲದು. ಬೆಲ್ ಬಿಸಿಲಿನಲ್ಲಿ ಮಾತು ಕಳಿಸಿದ್ದು 213 ಮೀಟರ್. 141 ವರ್ಷದ ಮೇಲೆ 50 ಮೀಟರ್ ಎಂದರೆ ಸಣ್ಣದೆನಿಸಬಹುದು. ಬೆಲ್‌ನ ಕೈಯಲ್ಲಿ ಇಡೀ ಸೂರ್ಯನಿದ್ದ, ಇವರ ಕೈಯಲ್ಲಿ ಒಂದೊಂದೇ ಕಣ.

ಈ ತಂತ್ರ ನಮ್ಮ ಮನೆಯ ಬಲ್ಬಿಗೆ ಸದ್ಯಕ್ಕೆ ಬರುವಂಥದ್ದಲ್ಲ. ಲೈ-ಫೈಯೂ ಎಲ್ಲ ಕಡೆ ಬೇಕೆಂದಿಲ್ಲ. ರೇಡಿಯೊ ಅಲೆ ಬಹುಬೇಗ ಸೋಲುವ ಸಮುದ್ರದಡಿಯಲ್ಲಿ ನೀಲಿ-ಹಸಿರು ಬೆಳಕು ಹತ್ತಾರು ಮೀಟರ್ ಸಾಗುತ್ತದೆ, ರೇಡಿಯೊ ಸದ್ದು ಸಹಿಸದ ಎಂಆರ್‌ಐ ಕೋಣೆಯಲ್ಲಿ ಬೆಳಕೇ ಸರಿ. ಉಳಿದಂತೆ ವೈ-ಫೈ ಜತೆ ಇದು ಹೊಂದಿಕೊಂಡು ಹೋಗುತ್ತದೆ.

ನೆಟ್‌ವರ್ಕನ್ನು ಕಳ್ಳರಿಂದ ಕಾಯುವ ಮಾತನ್ನೇ ಇಷ್ಟು ಹೊತ್ತು ಆಡಿದ್ದಾಯಿತು. ದೀಪದ ಒಡೆಯನಿಂದ ನಮ್ಮನ್ನು ಕಾಯುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ, ಅದರ ಬಗ್ಗೆ ಮಾತು ಕಡಿಮೆ. 2015ರಲ್ಲಿ ಫ್ರಾನ್ಸಿನ ಲೀಲ್ ಪಟ್ಟಣದ ದೊಡ್ಡ ಸೂಪರ್‌ಮಾರ್ಕೆಟ್ ಒಂದರಲ್ಲಿ ಛಾವಣಿಯ ಎಲ್‌ಇಡಿ ದೀಪಗಳಿಗೆ ಒಂದೊಂದು ಗುರುತು ಕೊಟ್ಟರು. ದೀಪ ತನ್ನ ಹೆಸರನ್ನು ಮಿನುಗುತ್ತಲೇ ಹೇಳುತ್ತಿತ್ತು. ಗಿರಾಕಿ ಮೊಬೈಲ್ ಹಿಡಿದರೆ ಕ್ಯಾಮೆರಾ ಅದನ್ನು ಓದಿ, ನೀವು ಯಾವ ಸಾಮಾನಿನ ಎದುರಿದ್ದೀರಿ, ಯಾವುದಕ್ಕೆ ರಿಯಾಯಿತಿ ಇದೆ ಎಂದು ತೋರಿಸುತ್ತಿತ್ತು. ಆ ದೀಪಕ್ಕೆ ಕೆಳಗೆ ಯಾರು ನಿಂತಿದ್ದಾರೆಂದು ಗೊತ್ತಿರಲಿಲ್ಲ. ಎಲ್ಲರಿಗೂ ಸಮನಾಗಿ ಎರಚುವ ಹಳೆಯ ಬೆಳಕೇ ಅದು, ಕೇಳಬೇಕೋ ಬೇಡವೋ ಗಿರಾಕಿಯ ಇಷ್ಟ. ಲೈ-ಫೈ ಕೋಣೆಯ ದೀಪ ಹಾಗಲ್ಲ. ನಾವು ಮರಳಿ ಕಳಿಸುವ ಡೇಟಾ ಹಿಡಿಯಲು ಅದರ ಪಕ್ಕದಲ್ಲೇ ಒಂದು ಕಣ್ಣು ಇರಲೇಬೇಕು. ಯಾವ ದೀಪದಡಿ ಯಾವ ಯಂತ್ರ, ಎಷ್ಟು ಹೊತ್ತಿನಿಂದ, ಯಾವಾಗ ಎದ್ದು ಇನ್ನೊಂದು ದೀಪದಡಿಗೆ ಹೋಯಿತು ಎಂಬುದು ಅದಕ್ಕೆ ಕೇಳದೆಯೇ ತಿಳಿಯುತ್ತದೆ. ಒಂದು ದೀಪದ ಹರವು ಕೆಲವೇ ಅಡಿ, ಆದ್ದರಿಂದ ವೈ-ಫೈಗಿಂತ ಕರಾರುವಾಕ್ಕಾಗಿ ತಿಳಿಯುತ್ತದೆ. ಆ ದಾಖಲೆ ಯಾರ ಬಳಿ ಇರಬೇಕು, ಎಷ್ಟು ದಿನ ಇರಬೇಕು ಎಂಬುದನ್ನು ಆಫೀಸಿಗೆ ಅಂಥ ದೀಪ ತರಿಸುವ ಮೊದಲೇ, ಅದರ ಕೆಳಗೆ ಕೂರುವವರನ್ನೂ ಕರೆದು ಕೂರಿಸಿಕೊಂಡು ತೀರ್ಮಾನಿಸಬೇಕು.